ಮಾರುವ ಮುಂಚೆ ಅಪ್ಪನ ಕೋವಿಯನ್ನು ಓದಿ

ಅಪ್ಪನ ಬೊಜ್ಜ (ಉತ್ತರಕ್ರಿಯೆ) ಮುಗಿದ ಮರುದಿನ ಭಾವ ಚಾವಡಿಯಲ್ಲಿ ಕೂತು ಕೋವಿ ಉಜ್ಜುತ್ತಿದ್ದರು. ಕೈಯಲ್ಲಿ ಮರಳು ಕಾಗದ, ಪಕ್ಕದಲ್ಲಿ ತೆಂಗಿನೆಣ್ಣೆಯ ಗಿಂಡಿ. "ಹೇಗೂ ಮಾರುವುದಲ್ವಾ, ಸ್ವಲ್ಪ ಹೊಳಪು ಬಂದ್ರೆ ನಾಲ್ಕು ಕಾಸು ಜಾಸ್ತಿ ಸಿಗ್ತದೆ" ಅಂದರು. ಅವರದು ಒಳ್ಳೆಯ ಮನಸ್ಸು. ಆದರೆ ನಾನು ಹತ್ತಿರ ಹೋಗಿ ನೋಡುವಷ್ಟರಲ್ಲಿ ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕೆತ್ತಿದ್ದ ಹೆಸರು ಮುಕ್ಕಾಲು ಪಾಲು ಮಾಸಿತ್ತು. ಕೊನೆಯ 'ಮದ್ರಾಸ್' ಎಂಬ ಒಂದು ಪದ ಮಾತ್ರ ಓದಲು ಬರುತ್ತಿತ್ತು.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ತಪ್ಪುಗಳಾಗಿದ್ದವು. ಕೋವಿಯ ಗುರುತು ಅಳಿಸಿದ್ದು ಒಂದು. ಅಪ್ಪ ಹೋದ ಮೇಲೆ ಆ ಕೋವಿಯನ್ನು ಕೈಯಲ್ಲಿ ಹಿಡಿಯುವ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ ಎಂಬುದು ನಮಗೆ ಹೊಳೆಯದೇ ಹೋದದ್ದು ಇನ್ನೊಂದು. ಕಾರ್ಕಳ, ಹೆಬ್ರಿ, ಬೆಳ್ತಂಗಡಿ, ಸುಳ್ಯದ ಕಡೆ ಅಡಕೆ ತೋಟ ಇರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಮಂಗ, ಕಾಡುಹಂದಿಯಿಂದ ಬೆಳೆ ಉಳಿಸಿಕೊಳ್ಳಲು ಹಿರಿಯರು ಲೈಸನ್ಸು ಮಾಡಿಸಿ ಇಟ್ಟುಕೊಂಡಿದ್ದ ಕೋವಿ. ಮಕ್ಕಳು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಗಲ್ಫಿನಲ್ಲೋ. ಯಾರಿಗೂ ಬೇಡ, ಆದರೆ ಏನು ಮಾಡಬೇಕೆಂದೂ ಗೊತ್ತಿಲ್ಲ. ಒಂದೂವರೆ ವರ್ಷ ಓಡಾಡಿ ನಾನು ಕಲಿತದ್ದನ್ನು ಅಂಥ ಮನೆಯವರಿಗಾಗಿ ಬರೆಯುತ್ತಿದ್ದೇನೆ. ಮೊದಲು ಕಾಗದ, ಆಮೇಲೆ ಕಬ್ಬಿಣ, ರೂಪಾಯಿಯ ಮಾತು ಕೊನೆಗೆ. ಈ ಕ್ರಮ ತಪ್ಪಿದರೆ ನಷ್ಟ ಖಂಡಿತ, ಕೆಲವೊಮ್ಮೆ ಕೇಸೂ ಆಗುತ್ತದೆ.

ಕೋವಿ ಆಸ್ತಿ, ಲೈಸನ್ಸು ಆಸ್ತಿಯಲ್ಲ

ಕೋವಿ ಮನೆಯ ಪಾತ್ರೆ, ಚಿನ್ನದ ಹಾಗೆ ವಾರಸುದಾರರಿಗೆ ಬರುತ್ತದೆ. ಆದರೆ ಅದನ್ನು ಇಟ್ಟುಕೊಳ್ಳುವ ಅನುಮತಿ ವ್ಯಕ್ತಿಗೆ ಕೊಟ್ಟದ್ದು. ಆ ವ್ಯಕ್ತಿಯೊಂದಿಗೇ ಅದು ಮುಗಿಯುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಹೇಳುವುದು ಇಷ್ಟು: ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲ ಎಂದಾದ ಕೂಡಲೇ, ಅನಗತ್ಯವಾಗಿ ತಡ ಮಾಡದೆ, ಕೋವಿಯನ್ನು ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸನ್ಸು ಇರುವ ಕೋವಿ ವ್ಯಾಪಾರಿಯ ಬಳಿಯೋ ಜಮಾ ಮಾಡಬೇಕು. ಲೈಸನ್ಸಿಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಹೆದರಿಸಲು ಹೇಳುತ್ತಿಲ್ಲ. 'ಅಪ್ಪನ ಹೆಸರಲ್ಲಿ ಲೈಸನ್ಸಿದೆಯಲ್ಲ' ಎಂದು ನಂಬಿಕೊಂಡು ವರ್ಷಗಟ್ಟಲೆ ಅಟ್ಟದಲ್ಲಿ ಇಟ್ಟವರನ್ನು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಜಮಾ ಮಾಡಿದರೆ ಕೋವಿ ಕೈಬಿಟ್ಟಿತು ಎಂದು ತಿಳಿಯಬೇಡಿ. ವಾರಸುದಾರರು ತಮ್ಮ ಹೆಸರಿಗೆ ಲೈಸನ್ಸು ಮಾಡಿಸಿಕೊಂಡು ಅದನ್ನು ವಾಪಸ್ ಪಡೆಯಬಹುದು, ಇಲ್ಲವೇ ಅರ್ಹರಿಗೆ ಮಾರಿ ಹಣ ತೆಗೆದುಕೊಳ್ಳಬಹುದು. ಆ ಹಕ್ಕಿಗೆ ಒಂದು ಅವಧಿ ಇದೆ. ಅದು ಮೀರಿದರೆ ಕೋವಿ ಸರ್ಕಾರದ ವಶಕ್ಕೆ ಹೋಗುತ್ತದೆ. ಜಮಾ ಮಾಡುವ ದಿನವೇ ಆ ಅವಧಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಜಿಲ್ಲೆಗಳ ರೈತರಿಗೆ ಜಮಾ ಮಾಡುವುದು ಹೊಸತಲ್ಲ. ಪ್ರತಿ ಚುನಾವಣೆಗೂ ಕೋವಿ ಹೊತ್ತು ಠಾಣೆಗೆ ಹೋಗಿ ಕೊಟ್ಟು ಬಂದು, ಆ ದಿನಗಳಲ್ಲಿ ತೋಟಕ್ಕೆ ಮಂಗಗಳ ಹಿಂಡು ಇಳಿಯುವುದನ್ನು ನೋಡುತ್ತಾ ಕೂತವರೇ ಎಲ್ಲ. ಆದರೆ ಚುನಾವಣೆಯ ರಸೀದಿ ಬೇರೆ, ಮರಣದ ನಂತರದ ಜಮಾ ಬೇರೆ. ಕೋವಿ ಠಾಣೆಯಲ್ಲಿರುವಾಗಲೇ ಲೈಸನ್ಸುದಾರರು ತೀರಿಕೊಂಡಿದ್ದರೆ, ಮರಣ ಪ್ರಮಾಣಪತ್ರದ ಪ್ರತಿ ಇಟ್ಟು ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಮನೆಯಲ್ಲಿದ್ದರೆ ಮೊದಲು ಠಾಣೆಗೆ ತಿಳಿಸಿ, ಅವರು ಹೇಳಿದಂತೆ ತನ್ನಿ. ಬಸ್ಸಿನಲ್ಲಿ ಗೋಣಿಚೀಲಕ್ಕೆ ಸುತ್ತಿಕೊಂಡು ಹೋಗುವ ಸಾಹಸ ಬೇಡ.

ರಸೀದಿಯಲ್ಲಿ 'ಹಳೆಯ ಕೋವಿ, ಒಂದು' ಎಂದಷ್ಟೇ ಬರೆದರೆ ಒಪ್ಪಬೇಡಿ. ಯಾವ ಬಗೆ, ಯಾವ ಬೋರ್ (ನಳಿಗೆಯ ಒಳಗಲದ ಅಳತೆ), ತಯಾರಕರ ಹೆಸರು, ಕೋವಿಯ ನಂಬರು, ನಳಿಗೆಯ ಉದ್ದ ಇಷ್ಟೂ ಇರಲಿ. ಕೊಡುವ ಮುಂಚೆ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಇಲ್ಲಿನ ಮಳೆಗಾಲದ ಥಂಡಿಯಲ್ಲಿ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ನಿಮಗೇ ಗೊತ್ತು. ಆಮೇಲೆ ವಾದಕ್ಕೆ ಬಂದರೆ ಆ ಫೋಟೋಗಳೇ ಸಾಕ್ಷಿ. ನನ್ನನ್ನು ಕೇಳಿದರೆ, ಮಾರುವ ಉದ್ದೇಶವೇ ಇದ್ದರೆ ವ್ಯಾಪಾರಿಯ ಬಳಿ ಜಮಾ ಮಾಡುವುದು ಒಳ್ಳೆಯದು. ಬಾಡಿಗೆ ಕೊಡಬೇಕಾಗುತ್ತದೆ ನಿಜ, ಆದರೆ ಕೋವಿಯನ್ನು ಬಿಚ್ಚಿ ನೋಡುವ ಕೈ ಅಲ್ಲೇ ಇರುತ್ತದೆ.

ಯಾವ ಕಚೇರಿಗೆ ಹೋಗಬೇಕೆಂಬುದರಲ್ಲೂ ನಮ್ಮ ಕಡೆ ಗೊಂದಲವಿದೆ. ಉಡುಪಿ ಜಿಲ್ಲೆಯವರಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ. ಮಂಗಳೂರು ಪೊಲೀಸ್ ಕಮಿಷನರೇಟಿನ ವ್ಯಾಪ್ತಿಯವರಿಗೆ ಪೊಲೀಸ್ ಕಮಿಷನರ್. ಇದು 2010ರಿಂದ ಬಂದ ವ್ಯವಸ್ಥೆ. ದಕ್ಷಿಣ ಕನ್ನಡದ ಉಳಿದ ಕಡೆಯವರಿಗೆ ಅಲ್ಲಿನ ಜಿಲ್ಲಾಧಿಕಾರಿ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಲೈಸನ್ಸು ಪುಸ್ತಕದಲ್ಲಿ ಮಂಗಳೂರಿನ ಸೀಲು ಇರುತ್ತದೆ. ಅಪ್ಪನ ಪುಸ್ತಕದಲ್ಲೂ ಹಾಗೇ ಇತ್ತು. ಹಳೆಯ ನಂಬರು, ಹೊಸ ನಂಬರು ಎರಡನ್ನೂ ಬರೆದುಕೊಂಡು ಹೋದರೆ ಗುಮಾಸ್ತರಿಗೂ ಸುಲಭ, ನಿಮಗೂ ಒಂದು ಸುತ್ತು ಓಡಾಟ ಕಡಿಮೆ.

ಕೋವಿಯನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕೆಂದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಂತೆ ವಾರಸುದಾರರು ಅರ್ಜಿ ಹಾಕಬಹುದು. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕು. ಹಿರಿಯರು ಬದುಕಿರುವಾಗಲೇ ವರ್ಗಾಯಿಸುವುದಕ್ಕೂ ಇದೇ ನಿಯಮದಲ್ಲಿ ದಾರಿಯಿದೆ: ಲೈಸನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ ಸಾಕು. ಅಪ್ಪನಿಗೆ ಈ ಎರಡೂ ಅನ್ವಯವಾಗುತ್ತಿತ್ತು, ನಮಗೆ ಗೊತ್ತಿರಲಿಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಇವತ್ತೇ ಕೂತು ಈ ಮಾತು ಆಡಿ. ಒಂದು ಮಿತಿಯೂ ಇದೆ: 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ವಂಶಪಾರಂಪರ್ಯವಾಗಿ ಬಂದದ್ದೂ ಆ ಎರಡರ ಲೆಕ್ಕದೊಳಗೇ. ಮಾವನ ವಸ್ತು ಅಳಿಯನಿಗೆ ಎಂಬ ಅಳಿಯಕಟ್ಟಿನ ರೂಢಿ ಗುತ್ತಿನ ಮನೆಗಳಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಕೋವಿ ಕೈಗೆ ಬರುವುದು ಲೈಸನ್ಸು ಕೊಡುವ ಅಧಿಕಾರಿಯ ಆದೇಶದಿಂದಲೇ.

ಟಿಪ್ಪು ಕಾಲದ್ದು ಎಂಬ ಮಾತು

ಇನ್ನು ಕಬ್ಬಿಣಕ್ಕೆ ಬರೋಣ. ಮೊದಲು ಲೈಸನ್ಸು ಪುಸ್ತಕದಲ್ಲಿರುವ ಅಕ್ಷರಗಳನ್ನು ನೋಡಿ. ಎಸ್.ಬಿ.ಎಂ.ಎಲ್. ಎಂದಿದ್ದರೆ ಒಂಟಿನಳಿಗೆ, ಬಾಯಿಯಿಂದ ಮದ್ದು ತುಂಬುವ ಕೋವಿ. ಎಸ್.ಬಿ.ಬಿ.ಎಲ್. ಎಂದರೆ ಒಂಟಿನಳಿಗೆಯ ತೋಟೆ ಕೋವಿ, ಡಿ.ಬಿ.ಬಿ.ಎಲ್. ಎಂದರೆ ಜೋಡುನಳಿಗೆಯ ತೋಟೆ ಕೋವಿ. ಪುಸ್ತಕದಲ್ಲಿ ಬರೆದದ್ದೂ ಕೈಯಲ್ಲಿರುವುದೂ ಒಂದೇ ಹೌದೇ ನೋಡಿ. ನಂಬರಿನಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾಗಿದ್ದರೂ ಮಾರಾಟದ ಹೊತ್ತಿಗೆ ಅಲ್ಲಿಗೇ ನಿಲ್ಲುತ್ತದೆ.

ಹಳೆಯ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಇದು ಟಿಪ್ಪು ಕಾಲದ ಕೋವಿ". ಸುಳ್ಯದ ಕಡೆಗಾದರೆ "1837ರ ಅಮರಸುಳ್ಯ ದಂಗೆಯದ್ದು". ಮನೆತನದ ನೆನಪಿಗೆ ನಾನು ಅಗೌರವ ತೋರುವುದಿಲ್ಲ. ಆದರೆ ಸಿಡಿಯುವ ಬಗೆಯೇ ಕೋವಿಯ ವಯಸ್ಸನ್ನು ಹೇಳಿಬಿಡುತ್ತದೆ. ಕುದುರೆಯ, ಅಂದರೆ ಟ್ರಿಗರ್ ಎಳೆದಾಗ ಬಂದು ಬಡಿಯುವ ಭಾಗದ, ತುಟಿಯಲ್ಲಿ ಚಕಮಕಿ ಕಲ್ಲು ಕಚ್ಚಿಸುವ ಜಾಗ ಇದ್ದರೆ ಅದು ಹಳೆಯ ಬಗೆ. ಟಿಪ್ಪು ಕಾಲದ್ದಾಗಿರುವ ಸಾಧ್ಯತೆಯನ್ನಾದರೂ ಯೋಚಿಸಬಹುದು. ಕುದುರೆ ಬಂದು ಬಡಿಯುವಲ್ಲಿ ಸಣ್ಣ ಮೊಲೆಯಂಥ ತುದಿ ಇದ್ದು, ಅದಕ್ಕೆ ಬಡಿದರೆ ಕಿಡಿ ಹಾರುವ ತಾಮ್ರದ ಕೇಪು ಹಾಕುವಂತಿದ್ದರೆ ಅದು 19ನೇ ಶತಮಾನದ ಬಗೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕೇಪು ಬಳಕೆಗೆ ಬಂದದ್ದು ಅದರ ನಂತರ. ಕೆಲವು ಕಲ್ಲಿನ ಕೋವಿಗಳನ್ನು ಆಮೇಲೆ ಕೇಪಿಗೆ ಮಾರ್ಪಡಿಸಿದ್ದೂ ಉಂಟು. ಆಗ ಲಾಕಿನ (ಕುದುರೆಯನ್ನು ಕೂರಿಸಿದ ಯಂತ್ರದ) ತಟ್ಟೆಯಲ್ಲಿ ಮುಚ್ಚಿದ ಹಳೆಯ ತೂತುಗಳ ಕಲೆ ಕಾಣುತ್ತದೆ. ನಡುವಿನ ಕೀಲಿನಲ್ಲಿ ಮಡಿಸಿ ಹಿಂದಿನಿಂದ ತೋಟೆ ಹಾಕುವ ಕೋವಿ ಹರಡಿದ್ದು 1850ರ ದಶಕದ ನಂತರವೇ.

ಬಾಯಿಯಿಂದ ತುಂಬುವ ಕೋವಿಯಲ್ಲಿ ಒಂದು ಅಪಾಯವಿದೆ, ಇದನ್ನು ನಿಧಾನವಾಗಿ ಓದಿ. ಅಜ್ಜ ಹಂದಿಗೆಂದು ತುಂಬಿಟ್ಟ ಮದ್ದು ನಳಿಗೆಯೊಳಗೆ ಇನ್ನೂ ಹಾಗೇ ಇರಬಹುದು. ಕರಿಮದ್ದು ಒಣಗಿದ ಜಾಗದಲ್ಲಿ ದಶಕಗಳ ಕಾಲ ಸಾಯುವುದಿಲ್ಲ. ಬಲ್ಲವರು ಹೀಗೆ ಪರೀಕ್ಷಿಸುತ್ತಾರೆ: ನಳಿಗೆಯ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಗಜವನ್ನು (ಮದ್ದು ಜಡಿಯುವ ಉದ್ದನೆಯ ಕೋಲನ್ನು) ಒಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಬೆರಳಿಟ್ಟು ಗುರುತು ಮಾಡಿ ಹೊರಗೆ ತೆಗೆದು, ಅದೇ ಗಜವನ್ನು ನಳಿಗೆಯ ಹೊರಮೈಗೆ ಹೊಂದಿಸಿ ಹಿಡಿಯುತ್ತಾರೆ. ಗಜದ ತುದಿ ಕೇಪು ಕೂರುವ ಜಾಗದವರೆಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಬೆರಳಗಲ ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಅದನ್ನು ಕೆದಕಿ ತೆಗೆಯುವ ಕೆಲಸ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಠಾಣೆಗೆ ತಿಳಿಸುವಾಗಲೇ ಹೇಳಿ, ಬಲ್ಲ ಮೇಸ್ತ್ರಿಯ ಕೈಯಲ್ಲಿ ತೆಗೆಸಿ. ಹಳೆಯ ಕಾಗದದ ತೋಟೆಗಳು ಥಂಡಿಗೆ ಉಬ್ಬಿಕೊಂಡು ಪತ್ತಾಯದ ಮೂಲೆಯಲ್ಲಿ ಬಿದ್ದಿದ್ದರೆ ಅವನ್ನೂ ಲೆಕ್ಕ ಕೊಟ್ಟು ಒಪ್ಪಿಸಿ. ಅವುಗಳಿಗೆ ಬೆಲೆ ಏನೂ ಇಲ್ಲ.

'ಹಳೆಯದು, ಗೋಡೆಗೆ ತೂಗುಹಾಕಿದ್ದು, ಇದಕ್ಕೆ ಲೈಸನ್ಸು ಬೇಡ' ಎಂಬ ನಂಬಿಕೆಯೂ ಇದೆ. ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇರುವುದು ಹಳೆಯದೆಂಬ ಒಂದೇ ಕಾರಣಕ್ಕಲ್ಲ. ರಿಪೇರಿ ಮಾಡದೆಯೂ, ರಿಪೇರಿ ಮಾಡಿಯೂ ಕೋವಿಯಾಗಿ ಬಳಸಲು ಆಗದಂಥದ್ದಕ್ಕೆ ಮಾತ್ರ. ಕುದುರೆ ಮುರಿದಿದೆ, ಸ್ಪ್ರಿಂಗ್ ಹೋಗಿದೆ ಅಂದರೆ ರಿಪೇರಿಯಾಗುತ್ತದೆ, ಆದ್ದರಿಂದ ಲೈಸನ್ಸು ಬೇಕು. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಅವರಿಗಷ್ಟೇ. ಗಡಿ ಈಚೆಗಿನ ನಮಗೆ ಅದು ಅನ್ವಯಿಸುವುದಿಲ್ಲ.

ಹೊಟ್ಟೆಯಡಿಯ ಮುದ್ರೆ

ನಮ್ಮ ಕೋವಿಯನ್ನು ಮಂಗಳೂರಿನ ಒಬ್ಬ ವ್ಯಾಪಾರಿಯ ಬಳಿ ಜಮಾ ಮಾಡಿದೆವು. ಅಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದರು. ಮರಳು ಕಾಗದ ತಿಂದ ಪಟ್ಟಿಯನ್ನು ನೋಡಿ ಅವರ ಮುಖ ಸಪ್ಪಗಾಯಿತು. "ಹೆಸರು ಹೋಯ್ತಲ್ಲ ಮಾರಾಯ್ರೆ. ಇರ್ಲಿ, ಹೆಸರು ಅಂಗಡಿಯವನದ್ದು. ಹುಟ್ಟಿದ ಊರು ಹೊಟ್ಟೆಯಡಿ ಇರ್ತದೆ" ಅಂದರು. ಮುಂದಿನ ಮರವನ್ನು ಕಳಚಿ, ಕೋವಿಯನ್ನು ಕೀಲಿನಲ್ಲಿ ಮಡಿಸಿ ನಳಿಗೆಗಳನ್ನು ಬೇರೆ ಮಾಡಿ ಬೋರಲು ಹಾಕಿದರು. ತೋಟೆ ಕೂರುವ ಭಾಗದ ಕೆಳಗೆ ಎರಡು ಚಪ್ಪಟೆ ಜಾಗ. ಮೃದುವಾದ ಬಟ್ಟೆಗೆ ಒಂದು ಹನಿ ಮಿಶಿನ್ ಎಣ್ಣೆ ಹಾಕಿ ಒರೆಸಿದರು. ಕಡಲೆಕಾಳಿಗಿಂತ ಸಣ್ಣ ಕಿರೀಟಗಳು, ಅಕ್ಷರಗಳು, ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಭಾವನ ಮರಳು ಕಾಗದ ಅಲ್ಲಿಗೆ ತಲುಪಿರಲಿಲ್ಲ.

ಮೇಲಿನ ಹೆಸರು ಹೆಚ್ಚಾಗಿ ಮಾರಿದವರದು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಆದ್ದರಿಂದ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ಅಂಗಡಿಯ ಹೆಸರು ಇಲ್ಲಿನ ಕೋವಿಗಳ ಮೇಲೆ ಇರಬಹುದು. ಕಲ್ಕತ್ತೆಯ ಮ್ಯಾಂಟನ್, ಆರ್.ಬಿ. ರೊಡ್ಡಾ, ಲಯನ್ ಅಂಡ್ ಲಯನ್ ಕೂಡ ಇಂಥವೇ. ಇಂಗ್ಲೆಂಡಿನಿಂದ ಕೋವಿ ತರಿಸಿ ತಮ್ಮ ಹೆಸರು ಹಾಕಿ ಮಾರುತ್ತಿದ್ದರು. ಕೋವಿಯನ್ನು ನಿಜವಾಗಿ ಪರೀಕ್ಷಿಸಿದ ಊರು ಯಾವುದೆಂದು ಹೇಳುವುದು ಪ್ರೂಫ್ ಮುದ್ರೆ. ಹೊಸ ನಳಿಗೆಗೆ ಸಾಮಾನ್ಯಕ್ಕಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ಒಡೆಯದೆ ಉಳಿದರೆ ಮಾತ್ರ ಒತ್ತುವ ಮುದ್ರೆ ಅದು. ಹೀಗೆ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸು 1813ರ ಕಾನೂನಿನಿಂದ ಹುಟ್ಟಿದ್ದು. ಲಂಡನ್ನಿನದು ಅದಕ್ಕೂ ಹಳೆಯದು.

ಬರ್ಮಿಂಗ್‌ಹ್ಯಾಮಿನ ಕೋವಿಯಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಅಕ್ಷರಗಳಿದ್ದರೆ ಅದು 1904ರ ನಂತರದ್ದು. ಎನ್.ಪಿ. ಎಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು. ಲಂಡನ್ನಿನ ಮುದ್ರೆಯಲ್ಲಿ ಎನ್.ಪಿ. ಅಕ್ಷರಗಳ ಮೇಲೆ ಕತ್ತಿ ಹಿಡಿದ ತೋಳಿರುತ್ತದೆ. ಬೆಲ್ಜಿಯಂನ ಲಿಯೇಜಿನ ಕೋವಿಗೆ ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ.; ಅದರ ಮೇಲೆ ಕಿರೀಟವೂ ಇದ್ದರೆ 1893ರ ನಂತರದ್ದು. ನಮ್ಮ ದೇಶದ ಇಶಾಪುರ ರೈಫಲ್ ಕಾರ್ಖಾನೆಯದಾದರೆ ಆರ್.ಎಫ್.ಐ. ಎಂಬ ಗುರುತು.

ನಮ್ಮ ಕೋವಿಯಲ್ಲಿ ಎನ್.ಪಿ. ಇತ್ತು. ಪಕ್ಕದಲ್ಲಿ ವಜ್ರದಾಕಾರದ ಚೌಕದೊಳಗೆ 12 ಮತ್ತು ಸಿ. ಆಮೇಲೆ 2½, 1⅛, ಮತ್ತೊಂದು ಕಡೆ 13/1. ಈ 13/1 ನೋಡಿ ನಾನು ಹದಿಮೂರು ಬೋರಿನ ಕೋವಿ ಎಂದುಕೊಂಡೆ. ಮೇಸ್ತ್ರಿ ತಲೆಯಾಡಿಸಿದರು. ವಜ್ರದೊಳಗಿನ 12 ತೋಟೆಯ ಅಳತೆ; 13/1 ಎಂಬುದು ನಳಿಗೆಯ ಒಳಗಲವನ್ನು ಅಳೆದು ಬರೆದದ್ದು, ಇಂಚಿನ 0.719 ಭಾಗ. ಹನ್ನೆರಡು ಬೋರ್ ಎಂದರೆ ನಳಿಗೆಯ ಅಗಲದ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುವ ಅಳತೆ, ಸುಮಾರು 18.5 ಮಿಲಿಮೀಟರ್. ಎಷ್ಟೋ ಹನ್ನೆರಡು ಬೋರಿನ ನಳಿಗೆಗಳು ಕೂದಲೆಳೆಯಷ್ಟು ಬಿಗಿಯಾಗಿರುತ್ತವೆ. ಈಗ ಅಳೆದಾಗ ಒಳಗಲ ಆ ಅಂಕಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿದ್ದರೆ ಯಾರೋ ತುಕ್ಕಿನ ಹೊಂಡ ಮುಚ್ಚಲು ಒಳಗನ್ನು ಕೆರೆದಿದ್ದಾರೆ, ಗೋಡೆ ತೆಳುವಾಗಿದೆ ಎಂದರ್ಥ. ಬೆಲೆಯೂ ಭದ್ರತೆಯೂ ಒಟ್ಟಿಗೆ ಇಳಿಯುತ್ತವೆ.

2½ ಎಂಬುದು ತೋಟೆ ಕೂರುವ ಚೇಂಬರಿನ ಉದ್ದ, ಇಂಚಿನಲ್ಲಿ. ಇದನ್ನು ಒತ್ತಲು ಶುರು ಮಾಡಿದ್ದು 1925ರ ನಿಯಮಗಳಿಂದ. 1⅛ ಎಂಬುದು ಚರೆಯ (ತೋಟೆಯೊಳಗಿನ ಸೀಸದ ಸಣ್ಣ ಗುಂಡುಗಳ) ತೂಕ, ಔನ್ಸಿನಲ್ಲಿ. 1954ರ ನಂತರ ಅದರ ಬದಲು ಒತ್ತಡವನ್ನು ಟನ್ನಿನಲ್ಲಿ ಬರೆಯತೊಡಗಿದರು. ಹಾಗಾದರೆ ನಮ್ಮ ಕೋವಿ 1925ಕ್ಕೂ 1954ಕ್ಕೂ ನಡುವಿನದು. ಮೇಲಿನ ಹೆಸರು ಅಳಿದುಹೋದ ಮೇಲೂ, ಬಳೆಚೂರಿನಷ್ಟು ಜಾಗದಲ್ಲಿದ್ದ ಅಂಕಿಗಳಿಂದ ಅಜ್ಜನ ಕಾಲ ಹೀಗೆ ಸಿಕ್ಕಿತು. ಆ ಹೊತ್ತು ನನಗೆ ಬೆಲೆಯ ಯೋಚನೆ ಬರಲೇ ಇಲ್ಲ. ಅಜ್ಜ ಮದ್ರಾಸಿನ ಕೋವಿ ಎಂದು ಹೇಳುತ್ತಿದ್ದುದನ್ನು ಅಪ್ಪ ನನಗೆ ಹೇಳಿದ್ದರು. ಇಬ್ಬರ ಮಾತೂ ಸರಿಯಾಗಿತ್ತು.

ನಂಬರು ಸಾಮಾನ್ಯವಾಗಿ ಟ್ರಿಗರಿನ ಬಳೆಯ ಬಾಲದ ಮೇಲೆ, ನಳಿಗೆಯಡಿ, ಮುಂದಿನ ಮರದ ಕಬ್ಬಿಣದ ಮೇಲೆ ಹೀಗೆ ಮೂರು ಕಡೆ ಇರುತ್ತದೆ. ಮೂರೂ ಒಂದೇ ಆಗಿದ್ದರೆ ಕೋವಿ ಹುಟ್ಟಿದ ಹಾಗೇ ಇದೆ. ನಳಿಗೆಯ ನಂಬರು ಬೇರೆಯಾದರೆ ಯಾವಾಗಲೋ ಬೇರೆ ನಳಿಗೆ ಜೋಡಿಸಿದ್ದಾರೆ. ಹಾಲೆಂಡ್ ಅಂಡ್ ಹಾಲೆಂಡ್, ಪರ್ಡಿ, ವೆಸ್ಟ್ಲಿ ರಿಚರ್ಡ್ಸ್ ಮುಂತಾದ ದೊಡ್ಡ ತಯಾರಕರ ಹಳೆಯ ಲೆಕ್ಕಪುಸ್ತಕಗಳು ಉಳಿದಿವೆ. ನಂಬರು ಕೊಟ್ಟು ಯಾವ ವರ್ಷದ್ದೆಂದು ಕೇಳಬಹುದು. 'ವೆಬ್ಲಿ ಅಂಡ್ ಸ್ಕಾಟ್' ಎಂದಿದ್ದರೆ ಅದು 1897ಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ಏಕೆಂದರೆ ಆ ಎರಡು ಸಂಸ್ಥೆ ಒಂದಾದದ್ದೇ ಆ ವರ್ಷ. ದೊಡ್ಡ ಹೆಸರು ಕೆತ್ತಿದ್ದು, ಹೊಟ್ಟೆಯಡಿ ಇಂಗ್ಲಿಷ್ ಮುದ್ರೆಯೇ ಇಲ್ಲದಿದ್ದರೆ ಎಚ್ಚರ. ಪ್ರಸಿದ್ಧ ಹೆಸರುಗಳ ನಕಲು ಆಗಲೂ ಇತ್ತು.

ನಂಬರು, ಹೆಸರು ಅಳಿಸುವುದು ಬರೀ ಬೆಲೆಯ ವಿಷಯವಲ್ಲ. ಕಾಯ್ದೆಯ 8ನೇ ಕಲಂ ಅದನ್ನು ಅಪರಾಧವೆನ್ನುತ್ತದೆ. ಅಳಿಸಿದ ಕೋವಿ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದವರೆಂದು ಮೊದಲು ಊಹಿಸಿಕೊಳ್ಳುತ್ತದೆ. ನಮ್ಮದರಲ್ಲಿ ನಂಬರು ಉಳಿದಿತ್ತು, ಪುಸ್ತಕಕ್ಕೆ ತಾಳೆಯಾಗಿತ್ತು, ಅಷ್ಟರಿಂದ ಪಾರಾದೆವು. ನಳಿಗೆ ಕತ್ತರಿಸಿ ಗಿಡ್ಡ ಮಾಡಿದ ಕೋವಿ ಕೈಗೆ ಬಂದಿದ್ದರೆ ಮಾರುವ ಮಾತು ಬಿಟ್ಟು ಮೊದಲು ವಕೀಲರನ್ನು ಕಾಣಿ. 20 ಇಂಚಿಗಿಂತ ಗಿಡ್ಡ ನಳಿಗೆಯ ಚರೆಕೋವಿ ನಿಷೇಧಿತ ವರ್ಗಕ್ಕೆ ಸೇರುತ್ತದೆ.

ನಾದ, ಅಲುಗಾಟ, ಹಾವಿನ ಮೈ

ಸ್ಥಿತಿ ನೋಡುವಾಗ ಮೇಸ್ತ್ರಿ ಮಾಡಿದ್ದನ್ನು ಹಾಗೇ ಹೇಳುತ್ತೇನೆ. ಬಿಡಿಸಿದ ನಳಿಗೆಗಳನ್ನು ಕೊಕ್ಕೆಯಿಂದ ಒಂದು ಬೆರಳಿಗೆ ತೂಗುಹಾಕಿ, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ದೇವರ ಕೋಣೆಯ ಗಂಟೆಯಂತೆ ನಾದ ಉಳಿದು ಹೋಯಿತು. ಎರಡು ನಳಿಗೆಗಳ ನಡುವಿನ ಬೆಸುಗೆ ಗಟ್ಟಿ ಇದ್ದರೆ ಹೀಗೆ ಕೇಳುತ್ತದಂತೆ. ಪಟ್ಟಿ ಎದ್ದು ಒಳಗೆ ತೇವ ಸೇರಿದ್ದರೆ ಒಡೆದ ಮಡಕೆಯ ಸದ್ದು. ಕರಾವಳಿಯ ಕೋವಿಗಳಲ್ಲಿ ಈ ಕಾಯಿಲೆ ಜಾಸ್ತಿ ಎಂದರು.

ಆಮೇಲೆ ಜೋಡಿಸಿ, ಮುಂದಿನ ಮರ ಹಾಕದೆ, ಹಿಂದಿನ ಮರದ ಕುತ್ತಿಗೆ ಹಿಡಿದು ಅಲ್ಲಾಡಿಸಿದರು. ಕಟಕಟ ಅಂದರೆ ಕೀಲು ಸವೆದಿದೆ. ನಮ್ಮದು ಸ್ವಲ್ಪ ಅಂದಿತು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಬಲಗಡೆಯದರಲ್ಲಿ ಬಾಯಿಯ ಹತ್ತಿರ ಸಾಸಿವೆಯಷ್ಟು ಹೊಂಡಗಳಿದ್ದವು. ಬಾಯಿಯ ಹತ್ತಿರದ ಹೊಂಡ ಅಷ್ಟು ಚಿಂತೆಯದಲ್ಲ. ತೋಟೆಯ ಹತ್ತಿರ ಇದ್ದರೆ ಗಂಭೀರ.

ನಳಿಗೆಯ ಮೈಮೇಲೆ ಹಾವಿನ ಮೈಯಂಥ, ಅಲೆಅಲೆಯಾದ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ: ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ, ಸುರುಳಿ ಸುತ್ತಿ ಬಡಿದು ಮಾಡಿದ್ದು. ನೋಡಲು ಬಹಳ ಚಂದ. ಆದರೆ ಬಹುಪಾಲು ಇಂಥ ಕೋವಿಗಳು ಕರಿಮದ್ದಿಗೆ ಮಾಡಿದವು; ಈಗಿನ ತೋಟೆ ಹಾಕಿದರೆ ನಳಿಗೆ ಸೀಳಬಹುದು. ಕೊಳ್ಳುವವರಿಗೆ ಇದನ್ನು ಬಾಯಿಬಿಟ್ಟು ಹೇಳುವುದು ಮಾರುವವರ ಕರ್ತವ್ಯ. 2½ ಇಂಚಿನ ಚೇಂಬರಿಗೆ ಈಗಿನ 70 ಮಿಲಿಮೀಟರಿನ ತೋಟೆ ಹಾಕುವುದೂ ಅಪಾಯವೇ. ತೋಟೆ ಒಳಗೆ ಸಲೀಸಾಗಿ ಕೂರುತ್ತದೆ, ಹಾರಿದಾಗ ಅದರ ಬಾಯಿಯ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ.

ಉಜ್ಜಬೇಡಿ, ಬಣ್ಣ ಹಚ್ಚಬೇಡಿ, ಮರಕ್ಕೆ ವಾರ್ನಿಶ್ ಬಳಿಯಬೇಡಿ. ತೆಂಗಿನೆಣ್ಣೆ ಕಾಲಕ್ರಮದಲ್ಲಿ ಅಂಟಾಗಿ ಒಳಗಿನ ಸ್ಪ್ರಿಂಗುಗಳನ್ನು ಹಿಡಿಯುತ್ತದೆ. ಬಲ್ಲ ಗಿರಾಕಿಗೆ ಮಾಸಿದ ಮೂಲಬಣ್ಣವೇ ಬೇಕು.

ಬೆಲೆ ಎಲ್ಲಿಂದ ಬರುತ್ತದೆ

ಇಂಟರ್ನೆಟ್ಟಿನಲ್ಲಿ ಲಂಡನ್ನಿನ ಹರಾಜಿನ ಬೆಲೆ ನೋಡಿ ಲೆಕ್ಕ ಹಾಕಬೇಡಿ. ನಾನೂ ಒಂದು ರಾತ್ರಿ ಪೌಂಡಿನಿಂದ ರೂಪಾಯಿಗೆ ಗುಣಿಸುತ್ತಾ ಕೂತಿದ್ದೆ. ಅದು ಬೇರೆಯೇ ಮಾರುಕಟ್ಟೆ, ತೀರಾ ಹಳೆಯ ಕೋವಿಯಾದರೆ ಅಲ್ಲಿಗೆ ಹೋಗುವಂತೆಯೂ ಇಲ್ಲ. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ; ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಇಲ್ಲಿ ಬೆಲೆ ನಿಲ್ಲುವುದು ಕೊಳ್ಳಲು ಅರ್ಹರಾದವರು ಎಷ್ಟಿದ್ದಾರೆ ಎಂಬುದರ ಮೇಲೆ. ಕೊಳ್ಳುವವರ ಲೈಸನ್ಸು ಚಾಲ್ತಿಯಲ್ಲಿರಬೇಕು, ಅದರಲ್ಲಿ ಈ ಬಗೆಯ ಕೋವಿಗೆ ಜಾಗ ಖಾಲಿ ಇರಬೇಕು. ಒಬ್ಬರಿಗೆ ಹಿಂದೆ ಇದ್ದ ಮೂರು ಕೋವಿಯ ಮಿತಿ ಎರಡಾದ ಮೇಲೆ ಆ ಜಾಗ ಇನ್ನೂ ಕಿರಿದಾಯಿತು. ಕೊಳ್ಳುವ ರೈತರಿಗೆ ಬೇಕಾದದ್ದು ಕೆತ್ತನೆಯಲ್ಲ. ಗಟ್ಟಿ ನಳಿಗೆ, ಸುಲಭವಾಗಿ ಸಿಗುವ ತೋಟೆ. ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ತೋಟೆ ಹನ್ನೆರಡು ಬೋರಿಗೆ ಸಿಗುತ್ತದೆ, ಹಾಗಾಗಿ ಆ ಕೋವಿಗೆ ಗಿರಾಕಿ ಇದೆ. ಹದಿನಾರು ಬೋರಿನ ಕೋವಿ ಎಷ್ಟೇ ಚೆನ್ನಾಗಿದ್ದರೂ ತೋಟೆ ಹುಡುಕಬೇಕು, ಬೆಲೆ ಇಳಿಯುತ್ತದೆ. ಸಾಮಾನ್ಯ ದೇಶೀ ಕೋವಿಗೆ ಅಂಥದೇ ಹೊಸದರ ಬೆಲೆಯೇ ಗರಿಷ್ಠ ಗೆರೆ. ವಿದೇಶಿ ಕೋವಿಯ ಲೆಕ್ಕ ಬೇರೆ. 1980ರ ದಶಕದಿಂದ ಸಾರ್ವಜನಿಕರಿಗೆ ಆಮದು ನಿಂತಿದೆ. ಇರುವುದಷ್ಟೇ ಕೈ ಬದಲಾಯಿಸುತ್ತದೆ. ಅದರಲ್ಲೂ ವೆಬ್ಲಿಯ .32 ರಿವಾಲ್ವರಿನಂಥ ಕೈಕೋವಿಗೆ ಬೇಡಿಕೆ ಹೆಚ್ಚು. ಇನ್ನೊಂದು ಕೊನೆಯಲ್ಲಿ .303 ರೈಫಲು. ಅದು ಸೇನೆಯ ಗುಂಡಿನ ಬೋರ್ ಆದ್ದರಿಂದ ನಿಷೇಧಿತ ವರ್ಗ, ಲೈಸನ್ಸು ಕೇಂದ್ರ ಗೃಹ ಸಚಿವಾಲಯದಿಂದ. ಎಷ್ಟೇ ಅಪರೂಪದ್ದಾದರೂ ಕೊಳ್ಳುವವರೇ ಇಲ್ಲ.

ಬೆಲೆ ಕೇಳುವಾಗ ಒಬ್ಬರನ್ನೇ ನಂಬಬೇಡಿ. ತಾನೇ ಕೊಳ್ಳುವ ವ್ಯಾಪಾರಿ ಹೇಳುವುದು ಅವರ ಲಾಭ ಕಳೆದ ಬೆಲೆ, ಅದರಲ್ಲಿ ತಪ್ಪಿಲ್ಲ. ಕಮಿಷನ್ ಮೇಲೆ ಮಾರಿಕೊಡುವವರನ್ನು, ಲೈಸನ್ಸಿರುವ ಹಳೆಯ ಶೂಟರುಗಳನ್ನೂ ಕೇಳಿ. ಬರವಣಿಗೆಯಲ್ಲಿ ಕೇಳಿ. ಅಣ್ಣತಮ್ಮಂದಿರಲ್ಲಿ ಪಾಲಾಗುವ ಹಣ ಅದು, ನಾಳೆ ಲೆಕ್ಕ ತೋರಿಸಬೇಕಾದೀತು. ನಂಬರಿರುವ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಅಪ್ಪ ಹೋದ ವಾರವೇ ಘಟ್ಟದ ಮೇಲಿನಿಂದ ಒಬ್ಬರು ಬಂದು "ಕಾಗದ ಏನೂ ಬೇಡ, ಇವತ್ತೇ ಒಯ್ಯುತ್ತೇನೆ" ಎಂದು ಒಂದು ಬೆಲೆ ಹೇಳಿದ್ದರು. ಕೊನೆಗೆ ನಮಗೆ ಸಿಕ್ಕಿದ್ದು ಅದರ ಮೂರು ಪಟ್ಟು. ಮೇಸ್ತ್ರಿಯ ಅಂದಾಜಿನಂತೆ ಪಟ್ಟಿಯ ಮೇಲಿನ ಹೆಸರು ಉಳಿದಿದ್ದರೆ ಇನ್ನೂ ಒಂದಿಷ್ಟು ಬರುತ್ತಿತ್ತು. ಮೂರು ಪಟ್ಟು ಹಣಕ್ಕಿಂತ ದೊಡ್ಡ ವಿಷಯವೆಂದರೆ, ಆ ದಿನ ಕೊಟ್ಟುಬಿಟ್ಟಿದ್ದರೆ ಅಪ್ಪನ ಹೆಸರಿನಲ್ಲಿ ದಾಖಲಾದ ಕೋವಿ ಯಾವ ಕೈಗೆ ಹೋಗಿ ಏನು ಮಾಡುತ್ತಿತ್ತೋ.

ಖಾಸಗಿಯವರಿಗೆ ಮಾರುವುದಾದರೆ ಕೊಳ್ಳುವವರ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಮೊದಲೇ ಪತ್ರ ಕೊಡಬೇಕು. ಆ ದಿನದಿಂದ 45 ದಿನ ಕಳೆಯದೆ ಕೋವಿ ಕೈ ಬದಲಾಗುವಂತಿಲ್ಲ. ಈ ನಲವತ್ತೈದು ದಿನ ಬಹಳ ಉದ್ದ ಅನ್ನಿಸುತ್ತದೆ, ಮುಂಗಡ ಕೊಟ್ಟವರು ದಿನಾ ಫೋನು ಮಾಡುತ್ತಾರೆ. ಕಾಯಿರಿ. ನಮ್ಮ ಕೋವಿ ಬೆಳ್ತಂಗಡಿಯ ಒಬ್ಬ ಅಡಕೆ ಕೃಷಿಕರ ತೋಟಕ್ಕೆ ಹೋಯಿತು. ಅವರ ಲೈಸನ್ಸಿನಲ್ಲಿ ನಂಬರು ಏರಿದ ಪುಟದ ಪ್ರತಿ ಪಡೆದ ಮೇಲೆ, ಅಪ್ಪನ ಹಳೆಯ ಪುಸ್ತಕವನ್ನು ಮಣಿಪಾಲಕ್ಕೆ ಒಯ್ದು ಒಪ್ಪಿಸಿ ಸ್ವೀಕೃತಿ ತಂದೆ. ಒಪ್ಪಿಸುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದುಕೊಂಡಿದ್ದೇನೆ. ನವೀಕರಣದ ಸೀಲುಗಳ ಪಕ್ಕ ಅಪ್ಪನ ಸಹಿ ವರ್ಷದಿಂದ ವರ್ಷಕ್ಕೆ ನಡುಗುತ್ತಾ ಬಂದದ್ದು ಅದರಲ್ಲಿ ಕಾಣುತ್ತದೆ.